ಶಿವಾ ಎಂದರೆ ಕೂಗುವ ವಾಚ್‌ಮನ್

ಗುಟ್ಟು ಕಾಪಾಡುವ ಕೆಲಸಕ್ಕೆ ನಮ್ಮ ಹುಣಸೂರು ಸೀಮೆಯಷ್ಟು ಒಗ್ಗದ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೀವು ಹುಣಸೂರಿನಲ್ಲಿ ಸೀನಿದರೆ ಪಿರಿಯಾಪಟ್ಟಣದಲ್ಲಿರುವ ನಿಮ್ಮ ಸೋದರತ್ತೆ ಫೋನ್ ಮಾಡಿ ಕಷಾಯ ಕುಡಿದೆಯಾ ಎಂದು ಕೇಳುತ್ತಾರೆ. "ಯಾರ್ಗೂ ಏಳ್ಬ್ಯಾಡ ಕಣಕ್ಕ" ಎಂದು ಯಾರಾದರೂ ನಿಮ್ಮ ಕಿವಿಯ ಹತ್ತಿರ ಬಾಯಿ ತಂದರೆ, ಅದರ ಅರ್ಥ ಧಾರಾಳವಾಗಿ ಹೇಳು, ನನ್ನ ಹೆಸರೊಂದು ಬಿಡು ಎಂದು. ಇಂಥ ಸೀಮೆಯಲ್ಲಿ ಒಂದು ಲ್ಯಾಬಿನ ಗುಟ್ಟುಗಳು ಹೊರಗೆ ಸೋರದಂತೆ ಕಾಯುವ ಉದ್ಯೋಗವನ್ನು ನನಗೆ ವಹಿಸಲಾಯಿತು. ನನಗೆ! ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನೇ ನಿಲ್ಲಿಸಲಾರದೆ ಅದರ ಮೂತಿಗೆ ಬಟ್ಟೆ ಸುತ್ತಿಟ್ಟಿರುವ ನನಗೆ.

ನಾನು ಕೆಲಸ ಮಾಡುವುದು ಹುಣಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದೊಂದು ಶಾಖೆಯಿದೆ. ಅಲ್ಲಿ ರಕ್ತ ತೆಗೆದು ಇಲ್ಲಿಗೆ ಕಳಿಸುತ್ತಾರೆ, ನಾವು ಪರೀಕ್ಷೆ ಮಾಡಿ ಫಲಿತಾಂಶವನ್ನು ಕಂಪ್ಯೂಟರಿನ ಮೂಲಕ ವಾಪಸ್ಸು ಕಳಿಸುತ್ತೇವೆ. ನನ್ನ ಹುದ್ದೆಗೆ ಇಂಥದ್ದೇ ಎಂಬ ಹೆಸರಿಲ್ಲ. ಕಂಪ್ಯೂಟರ್ ನಿಂತರೂ ನನ್ನನ್ನೇ ಕರೆಯುತ್ತಾರೆ, ಫ್ಯಾನ್ ನಿಂತರೂ ನನ್ನನ್ನೇ ಕರೆಯುತ್ತಾರೆ, ಸೂಜಿ ನೋಡಿ ತಲೆಸುತ್ತು ಬಂದು ಬಿದ್ದವರ ಮುಖಕ್ಕೆ ನೀರು ಹಾಕಲೂ ನನ್ನನ್ನೇ ಕರೆಯುತ್ತಾರೆ. ಮಾಲೀಕರು ಒಬ್ಬ ಡಾಕ್ಟರು. ರಕ್ತದ ವಿಷಯದಲ್ಲಿ ಬಹಳ ತಿಳಿದವರು. ಉಳಿದ ವಿಷಯಗಳಲ್ಲಿ ಬಹಳ ತಿಳಿದಿದ್ದೇನೆ ಎಂದು ತಿಳಿದವರು.

ಈ ಡಾಕ್ಟರು ಒಮ್ಮೆ ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ನಡೆದ ಸಭೆಗೆ ಹೋಗಿ ಬಂದರು. ಊಟ ಚೆನ್ನಾಗಿತ್ತಂತೆ. ಊಟದ ಜೊತೆಗೆ ಅವರಿಗೆ ಸ್ವಲ್ಪ ಭಯವನ್ನೂ ಬಡಿಸಿದ್ದರು. "ವನಜಮ್ಮ, ಇನ್ಮೇಲೆ ಡೇಟಾ ಅಂದ್ರೆ ಚಿನ್ನ. ಒಬ್ಬ ಪೇಷೆಂಟ್ ವಿಷಯ ಹೊರಗೆ ಹೋದ್ರೂ ಕಾನೂನು ನಮ್ಮನ್ನ ಸುಮ್ನೆ ಬಿಡಲ್ಲ" ಎಂದರು. ನಾನು ಮುಂದಿನ ಹಜಾರದ ಕಡೆ ಕೈ ತೋರಿಸಿದೆ. ಅಲ್ಲಿ ಕಿಟಕಿಯ ಪಕ್ಕದ ಟೇಬಲ್ಲಿನ ಮೇಲೆ ಮುದ್ರಿಸಿದ ರಿಪೋರ್ಟುಗಳು ಗುಡ್ಡೆ ಬಿದ್ದಿದ್ದವು. ಬಂದವರು ತಮ್ಮದನ್ನು ಹುಡುಕುವ ನೆಪದಲ್ಲಿ ಊರಿನವರೆಲ್ಲರ ಸಕ್ಕರೆ, ಉಪ್ಪು, ಕೊಬ್ಬು ಓದಿಕೊಂಡು, "ಅಯ್ಯೋ ನಮ್ ಮೇಷ್ಟ್ರಿಗೂ ಬಂದ್ಬುಟ್ಟದಲ್ಲ" ಎಂದು ಮರುಗುತ್ತಿದ್ದರು. "ಮೊದಲು ಅದನ್ನು ಬೀರುವಿನಲ್ಲಿ ಇಡೋಣ ಸಾರ್" ಎಂದೆ. ಡಾಕ್ಟರು ನನ್ನನ್ನು ಕರುಣೆಯಿಂದ ನೋಡಿದರು. "ಅದು ಪೇಪರ್ ಕಣ್ರೀ. ನಾನು ಹೇಳ್ತಿರೋದು ಡೇಟಾ."

ಡೇಟಾ ಕಾಯುವ ಸಾಫ್ಟ್‌ವೇರನ್ನು ಮಾರಲು ಮೈಸೂರಿನಿಂದ ಒಬ್ಬ ಮಹಾಶಯ ಟೈ ಕಟ್ಟಿಕೊಂಡು ಬಂದ. ನಮ್ಮ ಹುಣಸೂರಿನ ಏಪ್ರಿಲ್ ಬಿಸಿಲಿನಲ್ಲಿ ಟೈ ಕಟ್ಟುವವನ ಮಾತನ್ನು ನಂಬಬಾರದೆಂದು ನನಗೆ ಆಗಲೇ ಅನ್ನಿಸಿತ್ತು. ಆತ ಗೋಡೆಯ ಮೇಲೆ ಪ್ರಪಂಚದ ನಕ್ಷೆ ತೋರಿಸಿದ. ಎಲ್ಲೆಲ್ಲಿಂದಲೋ ಕೆಂಪು ಬಾಣಗಳು ಹೊರಟು ಬಂದು ನೇರವಾಗಿ ನಮ್ಮ ಲ್ಯಾಬಿಗೆ ನಾಟಿಕೊಳ್ಳುತ್ತಿದ್ದವು. ಯಾವುದೋ ದೂರದ ದೇಶದಲ್ಲಿ ಟೋಪಿ ಮುಸುಕು ಹಾಕಿಕೊಂಡ ಕಳ್ಳನೊಬ್ಬ ಹಂಪಾಪುರದ ರೈತರ ಮೂತ್ರಪರೀಕ್ಷೆಗಾಗಿ ಹಲ್ಲು ಕಡಿಯುತ್ತ ಕೂತಿದ್ದಾನೆ ಎಂದು ನಂಬಲು ನನಗೆ ಕಷ್ಟವಾಯಿತು. ಡಾಕ್ಟರಿಗೆ ಆಗಲಿಲ್ಲ.

"ನಮ್ಮವರೇ ಯಾರಾದರೂ ತಮ್ಮ ಫೋನಿನಲ್ಲಿ ಕಂಪ್ಯೂಟರ್ ಪರದೆಯ ಫೋಟೊ ತೆಗೆದುಕೊಂಡರೆ?" ಎಂದು ಕೇಳಿದೆ.

"ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ."

"ತಮ್ಮದೇ ಸಿಮ್ಮಿನ ನೆಟ್ಟಿನಲ್ಲಿ ಕಳಿಸಿದರೆ?"

"ಅದೂ ಬರಲ್ಲ ಮೇಡಂ."

"ಬಾಯಲ್ಲಿ ಹೇಳಿದರೆ?"

ಆತ ನಕ್ಕ. ಡಾಕ್ಟರು ನಗಲಿಲ್ಲ, ನನ್ನ ಕಡೆ ಕಣ್ಣು ಬಿಟ್ಟರು. ಒಟ್ಟಿನಲ್ಲಿ ತಿಳಿದದ್ದು ಇಷ್ಟು. ಕಳ್ಳನಾದವನು ಆಫೀಸಿನ ವೇಳೆಯಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತು, ಆಫೀಸಿನ ಕಂಪ್ಯೂಟರಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ತಾನು ಕದಿಯುತ್ತಿರುವುದನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಈ ಸಾಫ್ಟ್‌ವೇರು ಅವನನ್ನು ಹಿಡಿದೇ ಹಿಡಿಯುತ್ತದೆ. ಅಂಥ ಶಿಸ್ತಿನ ಕಳ್ಳನಿದ್ದರೆ ಅವನನ್ನೇ ಮ್ಯಾನೇಜರ್ ಮಾಡಬಹುದಿತ್ತು.

ಕೊನೆಗೆ ಆತ, "ಯಾರನ್ನಾದ್ರೂ ಇದರಿಂದ ಹೊರಗಿಡಬೇಕಾ ಸಾರ್?" ಎಂದ. "ನನ್ನನ್ನ ಬಿಡಿ. ನನ್ನ ಮನೇನ ನಾನೇ ದೋಚ್ತೀನಾ?" ಎಂದರು ಡಾಕ್ಟರು. ಶಾಖೆಯವರಿಗೆಲ್ಲ ಇದು ವೈರಸ್ ಹಿಡಿಯುವ ಸಾಫ್ಟ್‌ವೇರ್ ಎಂದಷ್ಟೇ ಹೇಳಬೇಕೆಂದು ನನಗೆ ಅಪ್ಪಣೆಯಾಯಿತು. ಹೀಗೆ ನಾಲ್ಕು ಊರುಗಳ ಕಂಪ್ಯೂಟರುಗಳಲ್ಲಿ ಯಾರು ಏನು ಟೈಪ್ ಮಾಡಿದರೂ ಅದು ನನ್ನೊಬ್ಬಳ ಪರದೆಗೆ ಬರುವ ಏರ್ಪಾಡಾಯಿತು. ನಾನು ಮನಸ್ಸಿನಲ್ಲೇ ಅದಕ್ಕೆ ವಾಚ್‌ಮನ್ ಎಂದು ಹೆಸರಿಟ್ಟೆ.

ವಾಚ್‌ಮನ್ ಬಂದ ಮೊದಲ ದಿನದಿಂದಲೇ ಬೊಬ್ಬೆ ಹೊಡೆಯಲು ಶುರುಮಾಡಿದ. ರೋಗಿಗಳ ಗುಟ್ಟಿಗೆ ಸಂಬಂಧಿಸಿದ ಕೆಲವು ಪದಗಳನ್ನು ಅವನಿಗೆ ಕಲಿಸಿ ಕೂರಿಸಿದ್ದರು. ಅವುಗಳಲ್ಲಿ ಒಂದು ಕಂಡರೂ ನನ್ನ ಪರದೆಯ ಮೇಲೆ ಕೆಂಪು ಪಟ್ಟಿ ಬಂದು ಟಣ್ ಎನ್ನುತ್ತಿತ್ತು. ಕೋಟೆ ಶಾಖೆಯ ನಿಂಗರಾಜು, ಪಾಪದವನು, ಕಾಫಿಗೆ ಶುಗರ್ ಮುಗಿದಿದೆ ಎಂದು ಬರೆದ. ಟಣ್. ಪಿರಿಯಾಪಟ್ಟಣದ ಭಾಗ್ಯ ಯಾರಿಗೋ ಬಿ ಪಾಸಿಟಿವ್ ರಕ್ತ ಬೇಕಾಗಿದೆ ಎಂದು ಬರೆದಳು. ಟಣ್. ಕೆ.ಆರ್. ನಗರದವರು ಮುಂಜಾನೆಯ ಸುಭಾಷಿತವಾಗಿ, ಸದಾ ಪಾಸಿಟಿವ್ ಆಗಿರಿ ಎಂದು ಸೂರ್ಯಕಾಂತಿ ಹೂವಿನ ಜೊತೆ ಕಳಿಸಿದರು. ಟಣ್.

ಇವೆಲ್ಲ ಹೋಗಲಿ. ಒಂದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಪರದೆ ತುಂಬ ಎಚ್‌ಐವಿ, ಎಚ್‌ಐವಿ! ನಾಲ್ಕೂ ಊರುಗಳಿಂದ, ಒಂದಾದ ಮೇಲೊಂದು. ನಾಲ್ಕು ತಾಲ್ಲೂಕುಗಳು ಹಾಳಾದವಲ್ಲಪ್ಪ ಎಂದುಕೊಂಡು ಒಂದೊಂದನ್ನೇ ತೆರೆದು ನೋಡಿದೆ. ಶಿವಣ್ಣ. ಶಿವಮ್ಮ. ಸದಾಶಿವ. ಶಿವಲಿಂಗೇಗೌಡ. ಶಿವ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ, ಮಧ್ಯದ ಮೂರು ಅಕ್ಷರಗಳು ಆ ರೋಗದ ಹೆಸರೇ. ಮೂರು ಅಕ್ಷರ ಕಂಡ ಕೂಡಲೇ ಆ ಮುಠ್ಠಾಳ ಸಾಫ್ಟ್‌ವೇರು ಹಿಂದೆ ಮುಂದೆ ನೋಡದೆ ಕೂಗುತ್ತಿತ್ತು. ನಮ್ಮ ಕಡೆ ಶಿವನಿಲ್ಲದ ಮನೆ ಯಾವುದಿದೆ? ಮಾರಾಟದ ಮಹಾಶಯನಿಗೆ ಫೋನ್ ಮಾಡಿದರೆ, "ನಿಮ್ಮ ಕಡೆ ಹೆಸರುಗಳೇ ಸ್ವಲ್ಪ ರಿಸ್ಕಿ ಮೇಡಂ" ಎಂದ. ತಲೆತಲಾಂತರದಿಂದ ಇಟ್ಟುಕೊಂಡು ಬಂದ ಹೆಸರನ್ನು ಅವನ ಸಾಫ್ಟ್‌ವೇರಿಗಾಗಿ ಬದಲಾಯಿಸಿಕೊಳ್ಳಬೇಕಿತ್ತೋ ಏನೋ. ಡಾಕ್ಟರು ಮಾತ್ರ ಸಂತೋಷಪಟ್ಟರು. "ನೋಡಿ, ಎಷ್ಟು ಚುರುಕಾಗಿ ಕೆಲಸ ಮಾಡ್ತಿದೆ!"

ಇಷ್ಟಾದರೂ ನಗುವ ವಿಷಯವೇ ಆಗಿತ್ತು, ಸುಶೀಲಮ್ಮ ಬರುವವರೆಗೆ. ಸಾಲಿಗ್ರಾಮದವರು. ವಯಸ್ಸು ನಲವತ್ತೈದು. ಒಬ್ಬಳೇ ಮಗಳಿಗೆ ಮದುವೆಯಾಗಿ, ಅವಳು ಬಸುರಿಯಾಗಿ, ಸೀಮಂತ ಮುಗಿದು ತಾಯಿಮನೆಯಲ್ಲಿದ್ದಳು. ಇಂಥ ಹೊತ್ತಿನಲ್ಲಿ ಸುಶೀಲಮ್ಮನಿಗೆ ತಾನೂ ಬಸುರಿಯೇನೋ ಎಂಬ ಅನುಮಾನ ಬಂದಿತ್ತು. ಪಕ್ಕದ ಕೆ.ಆರ್. ನಗರದಲ್ಲೇ ನಮ್ಮ ಶಾಖೆಯಿದ್ದರೂ ಅಲ್ಲಿ ಗುರುತಿನವರಿದ್ದಾರೆಂದು ಎರಡು ಬಸ್ಸು ಬದಲಾಯಿಸಿ ಹುಣಸೂರಿಗೆ ಬಂದು, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಪರೀಕ್ಷೆ ಮಾಡಿಸಿಕೊಂಡು ಹೋದರು. ಅನುಮಾನ ನಿಜವಾಗಿತ್ತು. ರಿಪೋರ್ಟನ್ನು ನಾನೇ ಮಡಿಚಿ ಅವರ ಕೈಗೆ ಕೊಟ್ಟಿದ್ದೆ. ಅವರು ಅದನ್ನು ರವಿಕೆಯೊಳಗೆ ಸೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದರು.

ಮಾರನೆಯ ದಿನ ನಮ್ಮ ಲ್ಯಾಬು ತೆರೆಯುವ ಮೊದಲೇ ಅವರು ಬಾಗಿಲಲ್ಲಿ ನಿಂತಿದ್ದರು. ಈ ಸಲ ಮುಖ ಮುಚ್ಚಿಕೊಂಡಿರಲಿಲ್ಲ.

"ಯಾರಮ್ಮ ಅದು, ನನ್ ಇಸ್ಯಾನ ಊರ್ಗೆಲ್ಲ ಸಾರ್ದೋರು? ನಾನಿನ್ನೂ ಬಸ್ಸಲ್ಲೇ ಇವ್ನಿ, ನಮ್ ನಾದಿನಿ ಫೋನ್ ಮಾಡ್ಬುಟ್ಟು, ಏನತ್ಗೆ, ಅಜ್ಜಿ ಆಗೋ ವಯ್ಸಲ್ಲಿ ಬಾಣ್ತಿ ಆಗೀಯಂತೆ ಅಂತ ನಗ್ತಾವ್ಳೆ! ಬಸ್ಸಿಳುದ್ರೆ ಅಂಗ್ಡಿ ಮುಂದೆ ಕೂತಿದ್ದೋರೆಲ್ಲ ಮಾತ್ ನಿಲ್ಸಿ ನನ್ನೇ ನೋಡ್ತಾವ್ರೆ!"

ನಾನು ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಅವರು ಕುಡಿಯಲಿಲ್ಲ. ದನಿ ಇಳಿಸಿ ಹೇಳಿದ ಮಾತು ಮಾತ್ರ ನನಗೆ ಈಗಲೂ ಚುಚ್ಚುತ್ತದೆ. "ಇಟ್ಕೊಳ್ಳದೋ ಬುಡದೋ, ನಾನೂ ನಮ್ಮೆಜಮಾನ್ರೂ ಕೂತ್ಕಂಡು ನಿದಾನ್ವಾಗಿ ಯೋಚ್ನೆ ಮಾಡಾಣ ಅಂತಿದ್ದೆ ಕಣಮ್ಮ. ಅವ್ರಿಗೆ ನಾನೇ ಬಾಯ್ಬುಟ್ಟು ಏಳ್ಬೇಕು ಅಂತಿದ್ದೆ. ಅವ್ರಿಗೂ ಬ್ಯಾರೆಯೋರೇ ಏಳುದ್ರು. ಈಗ ನಾನೇನ್ ಮಾಡ್ಬೇಕು ಅಂತ ಊರೇ ತೀರ್ಮಾನ ಮಾಡ್ತಾ ಕೂತದೆ."

ಡಾಕ್ಟರು ಹೊರಗೆ ಬಂದು ಕೈ ಮುಗಿದು, "ತಪ್ಪು ಮಾಡಿದೋರ್ನ ನಾನು ಬಿಡಲ್ಲಮ್ಮ" ಎಂದು ಗುಡುಗಿದರು. ಸುಶೀಲಮ್ಮ ಎದ್ದು ಹೋದ ಮೇಲೆ ನನ್ನ ಪರದೆಯ ಮುಂದೆ ಬಂದು ಕೂತರು. "ವನಜಮ್ಮ, ಯಾರ ಹೆಸರಿನ ಮೇಲೆ ಅಲರ್ಟ್ ಜಾಸ್ತಿ ಇದೆ ನೋಡಿ." ನೋಡಿದೆ. ಭಾಗ್ಯ. ಉಳಿದವರೆಲ್ಲರದನ್ನು ಕೂಡಿಸಿದರೂ ಅವಳ ಹತ್ತಿರ ಬರುತ್ತಿರಲಿಲ್ಲ. "ಸಿಕ್ಕಿದಳು!" ಎಂದರು ಡಾಕ್ಟರು. ಸಾಲಿಗ್ರಾಮದವರ ರಕ್ತ ಹುಣಸೂರಿನಲ್ಲಿ ತೆಗೆದು ಹುಣಸೂರಿನಲ್ಲೇ ಪರೀಕ್ಷೆಯಾಗಿರುವಾಗ ಪಿರಿಯಾಪಟ್ಟಣದಲ್ಲಿ ಕೂತ ಹುಡುಗಿಗೆ ಅದು ತಿಳಿದದ್ದಾದರೂ ಹೇಗೆ ಎಂದು ಕೇಳಿದೆ. "ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣ್ರೀ" ಎಂದು ಎದ್ದರು. ನಿಜ, ಅದು ಸುಳ್ಳು ಹೇಳುವುದಿಲ್ಲ. ಅದಕ್ಕೆ ಅಷ್ಟು ಬುದ್ಧಿಯಿಲ್ಲ.

ಭಾಗ್ಯಳನ್ನು ಕರೆಸಿದರು. ತಂದೆಯಿಲ್ಲದ ಮನೆಯನ್ನು ಈ ಕೆಲಸದಿಂದಲೇ ನಡೆಸುತ್ತಿದ್ದ ಹುಡುಗಿ. ಏನೆಂದು ತಿಳಿಯದೆ ಓಡಿ ಬಂದಿದ್ದಳು. ಡಾಕ್ಟರು ಒಂದೇ ಸಮನೆ ಗದರಿದರು. "ಸಾರ್, ಆ ಅಮ್ಮನ ಮುಖಾನೇ ನಾನು ನೋಡಿಲ್ಲ. ಯಾರೋ ನನ್ ಮೇಲೆ ಚಾಡಿ ಹೇಳವ್ರೆ" ಎಂದು ಅತ್ತಳು. ಕೆಲಸದಿಂದ ತೆಗೆಯುವುದೇ ಎಂದು ತೀರ್ಮಾನವಾಯಿತು. ಪುರಾವೆಯನ್ನು ಪೂರ್ತಿ ನೋಡಲು ನನಗೆ ಸ್ವಲ್ಪ ಸಮಯ ಕೊಡಿ ಎಂದು ನಾನು ಅಂಗಲಾಚಿದ್ದಕ್ಕೆ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಅವಳ ಹೆಸರಿನಲ್ಲಿದ್ದ ಕೆಂಪು ಪಟ್ಟಿಗಳನ್ನೆಲ್ಲ ನಾನು ತೆರೆದು ಓದಿದೆ. ಓದದೆ ಕಾಯುವುದು ಹೇಗೆ? ಇದೇ ಈ ಉದ್ಯೋಗದ ಹೊಲಸು. ಒಬ್ಬರ ಗುಟ್ಟು ಸೋರದಂತೆ ತಡೆಯಬೇಕಾದರೆ ಮಿಕ್ಕ ಎಲ್ಲರ ಗುಟ್ಟುಗಳನ್ನೂ ಓದಬೇಕು. ಭಾಗ್ಯ ಬಿಡುವಾದಾಗಲೆಲ್ಲ ಆಫೀಸಿನ ಕಂಪ್ಯೂಟರಿನಿಂದ ಚಾಟ್ ಮಾಡುತ್ತಿದ್ದದ್ದು ಒಬ್ಬನೇ ಒಬ್ಬನ ಜೊತೆ. ಅವನ ಹೆಸರು ಶಿವು. ಶಿವು ಊಟ ಆಯ್ತಾ, ಶಿವು ಬಸ್ ಸಿಕ್ತಾ, ಶಿವು ನಿಮ್ಮಮ್ಮ ಏನಂದ್ರು. ಪ್ರತಿ ಸಲವೂ ನಮ್ಮ ವಾಚ್‌ಮನ್ನನಿಗೆ ಅದರಲ್ಲಿ ಮಹಾರೋಗ ಕಂಡಿತ್ತು. ಪ್ರೀತಿಯನ್ನು ರೋಗವೆಂದು ತಿಳಿದವರು ಮನುಷ್ಯರಲ್ಲೂ ಇದ್ದಾರೆ, ಅದಿರಲಿ. ಸಾಲಿಗ್ರಾಮದ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಹಟ ಹಿಡಿದು ನಿಂಗರಾಜುವಿನದನ್ನು, ಕೆ.ಆರ್. ನಗರದವರದನ್ನು, ನಮ್ಮ ಹುಣಸೂರಿನವರದನ್ನು ಎಲ್ಲ ಓದಿದೆ. ಯಾರಿಗೆ ಅತ್ತೆಯ ಮೇಲೆ ಕೋಪ, ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ, ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೆ, ಎಲ್ಲ ತಿಳಿಯಿತು. ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಬೇಕಾದದ್ದೊಂದು ಬಿಟ್ಟು ಮಿಕ್ಕದ್ದೆಲ್ಲ ಸಿಕ್ಕಿತು.

ಓದಿ ಓದಿ ಕಣ್ಣು ಉರಿಯತೊಡಗಿದಾಗ, ಇದನ್ನು ಸುಶೀಲಮ್ಮನನ್ನೇ ಕೇಳಬಹುದಿತ್ತಲ್ಲ ಎಂದು ನನ್ನ ಮಂದಬುದ್ಧಿಗೆ ಹೊಳೆಯಿತು. ಫೋನ್ ಮಾಡಿದೆ. "ನಿಮ್ಮ ನಾದಿನಿಗೆ ಯಾರು ಹೇಳಿದರು ಅಂತ ಕೇಳಿದಿರಾ ಅಮ್ಮ?"

"ಯಾರೂ ಏಳಿಲ್ಲ ಕಣಮ್ಮ, ಮೊಬೈಲಲ್ಲಿ ಬಂದಿತ್ತಂತೆ. ನಿಂಗೂ ಕಳಿಸ್ತೀನಿ ತಡಿ."

ಬಂತು. ನೋಡಿದೆ. ಅದು ನಮ್ಮ ಡಾಕ್ಟರು ತಮ್ಮ ಮೊಬೈಲಿನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ ಚಿತ್ರ. ಸುಶೀಲಮ್ಮನ ರಿಪೋರ್ಟಿನ ಫೋಟೊ, ಹೆಸರಿನ ಮೇಲೆ ಒಂದು ಕಪ್ಪು ಗೀಟು, ಕೆಳಗೆ ಗುಲಾಬಿ ಹೂಗಳ ನಡುವೆ, "ನಲವತ್ತೈದರಲ್ಲೂ ಸಿಹಿಸುದ್ದಿ! ನಿಖರ ಫಲಿತಾಂಶಕ್ಕಾಗಿ ನಮ್ಮಲ್ಲಿಗೇ ಬನ್ನಿ" ಎಂಬ ಒಕ್ಕಣೆ. ಡಾಕ್ಟರ ನಂಬರು ನಾಲ್ಕೂ ತಾಲ್ಲೂಕುಗಳ ಅರ್ಧ ಜನರ ಫೋನಿನಲ್ಲಿದೆ. ದಿನವೂ ಅವರು ಹಾಕುವ ವಾಕಿಂಗ್ ಫೋಟೊಗಳನ್ನು ಸಹಿಸಲಾರದೆ ಅವರ ಸ್ಟೇಟಸ್ ನನಗೆ ಕಾಣದಂತೆ ನಾನು ಮಾಡಿಕೊಂಡಿದ್ದೆ. ವಾಚ್‌ಮನ್ನನಿಗೆ ಅವರೇ ಕಣ್ಣು ಕಟ್ಟಿದ್ದರು. ಊರೆಲ್ಲ ನೋಡಿದ್ದನ್ನು ನೋಡದೆ ಉಳಿದವರು ಕಾವಲಿಗಿದ್ದ ನಾವಿಬ್ಬರು ಮಾತ್ರ.

ಫೋನನ್ನು ಅವರ ಮೇಜಿನ ಮೇಲೆ ಇಟ್ಟೆ.

"ಹೆಸರು ಅಳಿಸಿದ್ದೀನಲ್ಲ ವನಜಮ್ಮ! ಸರಿಯಾಗಿ ನೋಡಿ, ಕಪ್ಪು ಗೀಟು."

"ಊರು ಸಾಲಿಗ್ರಾಮ, ವಯಸ್ಸು ನಲವತ್ತೈದು, ಹೆಣ್ಣು ಅಂತ ಹಾಗೇ ಇದೆ ಸಾರ್."

"ಸಾಲಿಗ್ರಾಮದಲ್ಲಿ ನಲವತ್ತೈದು ವರ್ಷದೋರು ಎಷ್ಟು ಜನ ಇಲ್ಲ?"

"ಆವತ್ತು ಬೆಳಿಗ್ಗೆ ಸೆರಗು ಮುಚ್ಚಿಕೊಂಡು ಬಸ್ಸು ಹತ್ತಿದವರು ಒಬ್ಬರೇ ಸಾರ್."

ಡಾಕ್ಟರು ಫೋನನ್ನು ಕೈಗೆತ್ತಿಕೊಂಡು ಇನ್ನೊಮ್ಮೆ ನೋಡಿದರು. ನಾನು ಪಶ್ಚಾತ್ತಾಪವೆಂದುಕೊಂಡೆ. "ಇದನ್ನ ಆ ಸಾಫ್ಟ್‌ವೇರ್ ಯಾಕೆ ಹಿಡೀಲಿಲ್ಲ? ಅವನಿಗೆ ಫೋನ್ ಮಾಡಿ ಬೈಯ್ರಿ!" ಎಂದರು.

ಭಾಗ್ಯಳ ಕೆಲಸ ಉಳಿಯಿತು. ಯಾಕೆ ಉಳಿಯಿತೆಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರ ಮಾನ ಹೋಗುತ್ತಿತ್ತಂತೆ. ಅವಳದು ಏನು ಹೋಯಿತೆಂದು ಯಾರೂ ಲೆಕ್ಕ ಹಾಕಲಿಲ್ಲ. ಸುಶೀಲಮ್ಮನಿಗೆ ಸಮಾಧಾನ ಹೇಳಲು ಡಾಕ್ಟರು ಒಂದು ಬುಟ್ಟಿ ಹಣ್ಣು ಕಳಿಸಿದರು. ಅದು ಹೋದದ್ದು ನಮ್ಮ ಲ್ಯಾಬಿನ ಹೆಸರನ್ನು ಆಳೆತ್ತರ ಬರೆಸಿದ್ದ ವ್ಯಾನಿನಲ್ಲಿ. ಅದು ಅವರ ಬೀದಿಯಲ್ಲಿ ನಿಂತು ಹಾರನ್ ಬಾರಿಸಿ, ಸುಶೀಲಮ್ಮನ ಮನೆ ಯಾವುದು ಎಂದು ವಿಚಾರಿಸಿತಂತೆ. ಸುದ್ದಿ ತಿಳಿಯದೆ ಉಳಿದಿದ್ದ ಒಂದೆರಡು ಮನೆಗಳಿಗೂ ಹೀಗೆ ತಿಳಿಯಿತು. ಬುಟ್ಟಿಯನ್ನು ಆಕೆ ವ್ಯಾನಿನೊಳಗೇ ವಾಪಸ್ಸು ಇಟ್ಟು, "ನಿಮ್ ಡಾಕ್ಟ್ರಿಗೇ ತಿನ್ಸಿ, ಬಾಯಿ ತುಂಬಿದ್ರೆ ಸುಮ್ನಿರ್ತಾರೆ" ಎಂದು ಕಳಿಸಿದರು. ಇಡೀ ಪ್ರಕರಣದಲ್ಲಿ ಗುಟ್ಟು ಕಾಪಾಡುವ ಬಗ್ಗೆ ಯಾರಾದರೂ ಬುದ್ಧಿಯ ಮಾತಾಡಿದ್ದರೆ ಅದೊಂದೇ.

ಆಕೆ ಮಗುವನ್ನು ಉಳಿಸಿಕೊಂಡರು. ಊರು ನಕ್ಕಿತೆಂದು ಉಳಿಸಿಕೊಂಡದ್ದಲ್ಲ, ಊರು ಬೇಡವೆಂದಿತೆಂದು ಹಟಕ್ಕೂ ಅಲ್ಲ. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಮಾತಾಡಿ ಮಾಡಿದ ತೀರ್ಮಾನ. ಆ ಮಾತು ಏನೆಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಮಗಳಿಗೆ ಗಂಡಾಯಿತು, ಆಮೇಲೆ ತಾಯಿಗೆ ಹೆಣ್ಣಾಯಿತು. ಆ ಮನೆಯಲ್ಲೀಗ ಅಕ್ಕನ ಮಗನಿಗಿಂತ ಚಿಕ್ಕವಳಾದ ಒಬ್ಬ ಚಿಕ್ಕಮ್ಮ ತೊಟ್ಟಿಲಲ್ಲಿದ್ದಾಳೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನೊಬ್ಬಳು ಬುದ್ಧಿವಂತೆ, ಮಿಕ್ಕವರೆಲ್ಲ ದಡ್ಡರು ಎಂದು ನೆಮ್ಮದಿಯಾಗಿ ಹೇಳಿಕೊಂಡು ತಿರುಗಬಹುದಿತ್ತು. ಕೆಲವು ತಿಂಗಳಾದ ಮೇಲೆ ಭಾಗ್ಯ ಯಾವುದೋ ಕೆಲಸಕ್ಕೆ ಹುಣಸೂರಿಗೆ ಬಂದವಳು ನನ್ನ ಮೇಜಿನ ಹತ್ತಿರ ನಿಂತು, "ಅಕ್ಕಾ, ಒಂದ್ ವಾರ ರಜಾ ಬೇಕಿತ್ತು" ಎಂದು ನೆಲ ನೋಡಿ ನಕ್ಕಳು. ನನಗೆ ಹೃದಯ ತುಂಬಿ ಬಂತು. "ಶಿವು ಅಮ್ಮ ಕೊನೆಗೂ ಒಪ್ಪಿದರಾ?" ಎಂದುಬಿಟ್ಟೆ.

ಅವಳ ನಗು ನಿಂತಿತು. "ನಿಮಗೆ ಹೆಂಗೆ ಗೊತ್ತಕ್ಕ? ನಾನು ನಮ್ಮವ್ವನಿಗೂ ಹೇಳಿಲ್ಲ."

"ಯಾರೋ ಅಂದರಪ್ಪ" ಎಂದೆ.

"ಯಾರು?"

ನಾನು ಕಂಪ್ಯೂಟರಿನ ಮೇಲಿನ ಧೂಳು ಒರೆಸತೊಡಗಿದೆ. ಭಾಗ್ಯ ಯೋಚಿಸಿದಳು. ಅವಳ ಮುಖ ಕೆಂಪಾಯಿತು. "ಓಹೋ, ಆ ಕೋಟೆ ನಿಂಗರಾಜುನೇ ಇರ್ಬೇಕು. ಒಂದ್ಸಲ ಮೈಸೂರಲ್ಲಿ ನಮ್ಮಿಬ್ಬರನ್ನ ನೋಡಿದ್ದ. ಆವತ್ತು ಸಾರ್ ಹತ್ರ ನನ್ ಮೇಲೆ ಚಾಡಿ ಹೇಳಿದ್ದೂ ಅವನೇ ಕಣಕ್ಕ, ಈಗ ಗೊತ್ತಾಯ್ತು."

ಅಲ್ಲ ಎನ್ನಲು ನನಗೆ ಬಾಯಿತ್ತು. ನಾಲ್ಕು ತಾಲ್ಲೂಕುಗಳ ಮೇಲೆ ಇಷ್ಟು ಹೊತ್ತು ಹರಿಹಾಯ್ದ ಬಾಯಿ ಅದೇ. ಅದು ತೆರೆಯಲಿಲ್ಲ. ರಜೆ ಬರೆದುಕೊಟ್ಟೆ.

ಭಾಗ್ಯಳ ಮದುವೆಯಾಯಿತು. ನಿಂಗರಾಜುವಿಗೆ ಅವಳು ಲಗ್ನಪತ್ರಿಕೆ ಕೊಡಲಿಲ್ಲ, ಫೋನಿನಲ್ಲಿ ಮಾತಾಡುವುದನ್ನೂ ಬಿಟ್ಟಿದ್ದಾಳೆ. ಪಾಪ, ಅವನು ಹುಣಸೂರಿಗೆ ಬಂದಾಗಲೆಲ್ಲ, "ಭಾಗ್ಯ ನನ್ ಮೇಲೆ ಯಾಕೆ ಮುನಿಸ್ಕಂಡವ್ಳೆ ಮೇಡಂ? ನಿಮ್ಗೇನಾರ ಗೊತ್ತಾ?" ಎಂದು ಕೇಳುತ್ತಾನೆ. ನನಗೇನು ಗೊತ್ತಪ್ಪ ಎನ್ನುತ್ತೇನೆ. ಗುಟ್ಟು ಹೊರಗೆ ಹೋಗದಂತೆ ನೋಡಿಕೊಳ್ಳುವುದಕ್ಕಲ್ಲವೇ ನನಗೆ ಸಂಬಳ ಕೊಡುತ್ತಿರುವುದು?